ಐಸ್ ಪೆಟ್ಟಿಗೆಯೊಳಗೆ ಹೋದವಳು ಎಷ್ಟನೆಯವಳು?

ಚಿಕ್ಕಿ ಮೊದಲು ನಕ್ಕಳೋ, ಮೊದಲು ಮುಖ ಸಿಂಡರಿಸಿದಳೋ ನನಗೀಗ ಖಚಿತವಿಲ್ಲ. ಬರೆಯಲು ಕುಳಿತಾಗಲೆಲ್ಲ ಅವಳು ಮೊದಲು ನಗುತ್ತಾಳೆ, ಯಾಕೆಂದರೆ ಹಾಗಾದರೆ ಕತೆ ಸಲೀಸಾಗಿ ಸಾಗುತ್ತದೆ. ಸಲೀಸಾಗಿ ಸಾಗುವ ನೆನಪಿನ ಮೇಲೆ ನನಗೆ ನಂಬಿಕೆ ಕಡಿಮೆ. ಹಾಗಾಗಿ ಆ ನಗುವನ್ನು ಬದಿಗಿಟ್ಟು ಯಾರೂ ಅಲ್ಲಗಳೆಯದ ಸಂಗತಿಯಿಂದ ಶುರುಮಾಡುತ್ತೇನೆ. ಚಿಕ್ಕಿ ನನ್ನ ಅಮ್ಮನ ತಂಗಿ. ಉಪ್ಪುಂದದ ಪೇಟೆಯಲ್ಲಿ ಮೀನು ಮಾರುತ್ತಾಳೆ. ಅವಳ ಗಂಟಲು ಹೆದ್ದಾರಿಯ ಬಸ್ಸಿನ ಹಾರ್ನನ್ನೂ ಮೀರಿ ಕೇಳುತ್ತದೆ. ನಾನೂ ಬ್ರಹ್ಮಾವರದ ನನ್ನ ಗೆಳೆಯನೂ ಸೇರಿ ಮಾಡಿದ ಕಾರ್ಟೂನಿಗೆ ಆ ಗಂಟಲನ್ನು ಬೇಡಿ ತಂದಿದ್ದೆವು.

ಗೆಳೆಯ ಕಂಪ್ಯೂಟರಿನಲ್ಲಿ ಚಿತ್ರ ಬರೆದು ಕುಣಿಸುವವನು, ನಾನು ಮಾತು ಬರೆಯುವವನು. ಕತೆ ನಡೆಯುವುದು ಮುಂದೆಂದೋ ಬರಲಿರುವ ಕಾಲದಲ್ಲಿ. ಮೀನು ಮಾರುವ ಹೆಂಗಸೊಬ್ಬಳು ಒಂದೇ ಬೆಳಿಗ್ಗೆ ಪೇಟೆಯಲ್ಲೂ ಕೂರಬೇಕು, ಶಂಕರನಾರಾಯಣ ಊರಿನಲ್ಲಿ ನೆಂಟರ ಮದುವೆಗೂ ಹೋಗಬೇಕು. ಅವಳ ಐಸ್ ಪೆಟ್ಟಿಗೆ ಅದೇ ಹೊತ್ತಿಗೆ ಕೆಟ್ಟು, ಒಳಗಿಟ್ಟದ್ದನ್ನೆಲ್ಲ ಎರಡು ಮಾಡತೊಡಗುತ್ತದೆ. ಒಂದು ಬಂಗುಡೆ ಮೀನು ಇಟ್ಟರೆ ಎರಡು ಬಂಗುಡೆ. ಅವಳು ತಾನೇ ಒಳಗೆ ಮುದುರಿ ಕೂತು ಮುಚ್ಚಳ ಎಳೆದುಕೊಳ್ಳುತ್ತಾಳೆ. ಎದ್ದು ಬರುವವರು ಇಬ್ಬರು. ಮೊದಲು ಎದ್ದವಳು ಬೈಯುವವಳು, ಆಮೇಲೆ ಎದ್ದವಳು ನಗುನಗುತ್ತ ಗಿರಾಕಿಗೆ ಒಂದು ಮೀನು ಹೆಚ್ಚಿಗೆ ಹಾಕುವವಳು. ಇಬ್ಬರಿಗೂ ಚಿಕ್ಕಿಯದೇ ದನಿ. ತಾನೇ ಅಸಲು ಎಂದು ಇಬ್ಬರೂ ಜಗಳಾಡಿ, ಕೊನೆಗೆ ಒಬ್ಬಳು ಇನ್ನೊಬ್ಬಳನ್ನು ಪೆಟ್ಟಿಗೆಗೆ ತಳ್ಳಿ, ಮುಚ್ಚಳ ಹಾಕಿ, ಅದರ ಮೇಲೆ ಕೂತುಬಿಡುತ್ತಾಳೆ. ನಮಗೆ ಕಾಣುವುದು ಅವಳ ಬೆನ್ನು ಮಾತ್ರ. ಒಳಗೆ ಹೋದದ್ದು ಯಾರು? ಹೇಳುವುದಿಲ್ಲ. ಆ ಹೇಳದಿರುವಿಕೆಯೇ ನನ್ನ ದೊಡ್ಡ ಹೆಮ್ಮೆ. ನೋಡಿದವರು ನಿದ್ದೆಗೆಡುತ್ತಾರೆ ಎಂದುಕೊಂಡಿದ್ದೆ.

ಯಾರೂ ನಿದ್ದೆಗೆಡಲಿಲ್ಲ.

ಬ್ರಹ್ಮಾವರದಲ್ಲಿ ಗೆಳೆಯನ ಮನೆಯ ಚಾವಡಿಯಲ್ಲಿ ಮೊದಲ ಸಲ ತೋರಿಸಿದಾಗ ಅವನ ಅತ್ತೆ ಕೇಳಿದ್ದು ಒಂದೇ ಪ್ರಶ್ನೆ. "ಹೆಂಗ್ಸ್ ಎರಡಾಯ್ಲಿ ಮಾರಾಯಾ, ಸೀರಿ ಹ್ಯಾಂಗ್ ಎರಡಾಯ್ತ್?"

"ಪೆಟ್ಟಿಗೆಯೊಳಗಿದ್ದದ್ದೆಲ್ಲ ಎರಡಾಗುತ್ತದಲ್ಲ ಅತ್ತೆ."

"ಹಂಗಾರೆ ಮದಿಗ್ ಹೋಪ್ಕೆ ಪಟ್ಟೆ ಸೀರಿ ಉಟ್ಕಂಡ್ ಕೂಕಣ್ಕಿತ್ತಪ್ಪ. ಬುದ್ಧಿ ಇಲ್ಲೆ ಅವ್ಳಿಗೆ." ಮದುವೆಗೆ ಹೋಗುವವಳು ರೇಷ್ಮೆ ಸೀರೆ ಉಟ್ಟೇ ಪೆಟ್ಟಿಗೆಯಲ್ಲಿ ಕೂರಬೇಕಿತ್ತು ಎಂಬುದು ಅವರ ಲೆಕ್ಕ.

ಆಮೇಲೆ ಸಾಲಿಗ್ರಾಮ. ನಾನಿರುವುದು ಅಲ್ಲಿ. ಪಕ್ಕದ ಮನೆಯ ಹಿರಿಯರು ಜೀವಮಾನವಿಡೀ ಯಕ್ಷಗಾನ ನೋಡಿದವರು. ಆ ಆಟ ಬಿಟ್ಟು ಬೇರೆ ಯಾವುದನ್ನೂ ನೋಡಲು ಯೋಗ್ಯವೆಂದು ಒಪ್ಪಿದವರಲ್ಲ. ಅವರು ನನ್ನ ಫೋನನ್ನು ಕೈಯಳತೆ ದೂರದಲ್ಲಿ ಹಿಡಿದು ಪೂರ್ತಿ ನೋಡಿದರು. ಒಮ್ಮೆಯೂ ನಗಲಿಲ್ಲ.

"ಅಸಲು ಯಾರು ಅಂತ ಗೊತ್ತಾಯಿತಾ?" ಎಂದು ಆಸೆಯಿಂದ ಕೇಳಿದೆ.

"ಅಸಲ್ ಎಂತದ್ದಾ? ಎರಡೂ ಅವ್ಳೇ ಅಲ್ದಾ! ಒಂದ್ನೆಯವ್ಳಿಗೆ ಗಂಟ್ಲ್ ಇತ್ತ್, ಹದ ಇಲ್ಲೆ. ಎರಡ್ನೆಯವ್ಳ್ ಲಾಯ್ಕ್ ಮಾಡ್ದ್ಲ್."

ನನ್ನ ತಲೆಗೆ ಆಗ ಹೊಳೆಯಿತು. ರಾತ್ರಿಯಿಡೀ ನಡೆಯುವ ನಮ್ಮ ಆಟದಲ್ಲಿ ಒಂದೇ ರಾಜನ ಪಾತ್ರವನ್ನು ಮೊದಲರ್ಧ ಒಬ್ಬ ಕಲಾವಿದ, ಉಳಿದರ್ಧ ಇನ್ನೊಬ್ಬ ಮಾಡುವುದುಂಟು. ಮೂಗು ಬೇರೆ, ಎತ್ತರ ಬೇರೆ, ದನಿ ಬೇರೆ. ಆದರೂ ಇವನು ಯಾರು, ಅವನೆಲ್ಲಿ ಹೋದ ಎಂದು ನಮ್ಮಲ್ಲಿ ಯಾರೂ ಕೇಳುವುದಿಲ್ಲ. ರಾಜ ಒಬ್ಬನೇ. ಮರುದಿನ ಬಸ್ಸಿಗೆ ಕಾಯುವಾಗಿನ ಚರ್ಚೆ ಒಂದೇ, ಯಾರು ಚೆನ್ನಾಗಿ ಮಾಡಿದರು, ಒಂದನೆಯವನು ಲಾಯ್ಕೋ ಎರಡನೆಯವನೋ. ಇಂಥವರೆದುರು ನಾನು ಅಸಲು-ನಕಲಿನ ಒಗಟು ಇಟ್ಟು ಕೂತಿದ್ದೆ. ಅವರು ಅದನ್ನು ದಾಟಿ ನೇರ ಅಂಕ ಕೊಡಲು ಹೊರಟಿದ್ದರು.

ಉಪ್ಪುಂದದಲ್ಲೂ ಅದೇ ಆಯಿತು. ಚಿಕ್ಕಿಯ ಜಗಲಿಯಲ್ಲಿ ಟಿವಿ ಇಟ್ಟು ನೆರೆಕರೆಯವರನ್ನು ಕರೆದಿದ್ದೆವು. ಚಿಕ್ಕಿ ಮುಂದಿನ ಕುರ್ಚಿಯಲ್ಲಿ ಕೂತಿದ್ದಳು. (ನಕ್ಕಳೋ ಇಲ್ಲವೋ ಎಂಬ ವಿಷಯ ಇಲ್ಲಿಯದು. ಬಿಟ್ಟುಬಿಡಿ.) ಮುಗಿದ ಕೂಡಲೇ ಹೆಂಗಸರೆಲ್ಲ ಒಟ್ಟಿಗೇ, "ಎರಡ್ನೆಯವ್ಳ್ ಲಾಯ್ಕ್, ಎರಡ್ನೆಯವ್ಳ್ ಲಾಯ್ಕ್" ಎಂದರು. ಒಂದನೆಯವಳ ದನಿ ಚಿಕ್ಕಿ ದಿನವೂ ಪೇಟೆಯಲ್ಲಿ ಕೂಗುವ ದನಿಯೇ ಆಗಿತ್ತು. ಅದು ಎಲ್ಲರಿಗೂ ಗೊತ್ತಿತ್ತು. ಗೊತ್ತಿದ್ದೇ ಹೇಳಿದರು.

ಬಾಗಿಲಿಗೆ ಒರಗಿ ನಿಂತಿದ್ದ ಚಿಕ್ಕಯ್ಯ, ಅಂದರೆ ಅವಳ ಗಂಡ, "ನನ್ನ್ ಕೇಂಡ್ರೆ ಎರಡ್ನೆಯವ್ಳೇ ಮನ್ಯಗ್ ಇರ್ಲಿ" ಎಂದು ಸೇರಿಸಿದರು.

"ಹಂಗಾರೆ ಇವತ್ತಿನ್ ಊಟ ಅವ್ಳ್ ಹತ್ರವೇ ಕೇಣಿ," ಎಂದಳು ಚಿಕ್ಕಿ. ಟಿವಿ ಆರಿಸಿದವಳೂ ಅವಳೇ.

ಇಷ್ಟಕ್ಕೇ ನಿಂತಿದ್ದರೆ ಇದು ಮನೆಯೊಳಗಿನ ತಮಾಷೆ. ಆದರೆ ಕಾರ್ಟೂನು ಫೋನಿನಿಂದ ಫೋನಿಗೆ ಹಾರಿ ಬೈಂದೂರು ಕುಂದಾಪುರಗಳವರೆಗೂ ಹೋಯಿತು. ವಾರ ಕಳೆಯುವುದರೊಳಗೆ ಚಿಕ್ಕಿಯ ಫೋನು ಬಂತು. ಹಲೋ ಇಲ್ಲ, ಊಟ ಆಯಿತಾ ಇಲ್ಲ.

"ಹ್ವಾಯ್, ನಿನ್ನ್ ಎರಡ್ನೆಯವ್ಳ್ ನನ್ನ್ ಹೆಸ್ರ್ ತಿಂದ್ಲ್!"

ಸಂಗತಿ ಏನೆಂದರೆ, ಪೇಟೆಯಲ್ಲಿ ಚಿಕ್ಕಿಗೆ ಒಂದು ಹೆಸರಿತ್ತು. ಅವಳದು ಒಂದೇ ಮಾತು. ಚೌಕಾಸಿ ಇಲ್ಲ, ಕೊಸರು ಇಲ್ಲ. ತೂಗಿಯಾದ ಮೇಲೆ ಮೇಲಿಂದ ಒಂದು ಮೀನು ಹಾಕಿಸಿಕೊಳ್ಳುವ ಕೊಸರಿನ ಆಸೆ ಇದ್ದವರು ಬೇರೆ ಹೆಂಗಸರ ಹತ್ತಿರ ಹೋಗುತ್ತಿದ್ದರು. ಚಿಕ್ಕಿಯ ಹತ್ತಿರ ಬರುವವರು ಬೈಸಿಕೊಂಡು ಒಳ್ಳೆಯ ಮೀನು ಒಯ್ಯುತ್ತಿದ್ದರು. ಆ ಹೆಸರಿನ ಬಲದಲ್ಲೇ ಅವಳು ಇಷ್ಟು ವರ್ಷ ಆ ಜಾಗದಲ್ಲಿ ಕೂತದ್ದು. ಈಗ ಬಂದವರೆಲ್ಲ, "ಒಂದ್ ಹೆಚ್ಚಿಗೆ ಹಾಕೆ, ಎರಡ್ನೆಯವ್ಳ್ ಆದ್ರೆ ಕೇಣ್ದೇ ಹಾಕ್ತಿದ್ಲ್" ಎನ್ನುತ್ತಿದ್ದರು. ಹಾಕಿದರೆ ನಾಳೆಯಿಂದ ಎಲ್ಲರಿಗೂ ಹಾಕಬೇಕು. ಹಾಕದಿದ್ದರೆ ತನ್ನದೇ ದನಿಯ ಇನ್ನೊಬ್ಬಳೆದುರು ತಾನು ಜಿಪುಣಿ.

"ಪೆಟ್ಗಿಯೊಳ್ಗ್ ಹೋದ್ದ್ ಎರಡ್ನೆಯವ್ಳ್ ಅಂತ ಬರಿ. ಅವ್ಳ್ ಸತ್ಲ್, ಮುಗಿತ್."

"ಅದು ಹೇಳಬಾರದು ಚಿಕ್ಕಿ. ಹೇಳಿದರೆ ಕತೆ ಕೆಡುತ್ತದೆ."

"ಕತಿ ಕೆಟ್ರೆ ನೀನ್ ಮತ್ತೊಂದ್ ಬರಿತೆ. ಪ್ಯಾಟಿಯಗ್ ಕೂಕಂಬುದ್ ನಾನ್." ಮುಂದಿನ ಕಂತಿಗೆ ದನಿ ಕೊಡುವುದಿಲ್ಲವೆಂದೂ ಹೇಳಿ ಫೋನಿಟ್ಟಳು.

ನಾನು ಒಂದಿಷ್ಟು ದಿನ ಬಿಗುವಾಗಿದ್ದೆ. ಕಲೆ, ಸ್ವಾತಂತ್ರ್ಯ, ತೆರೆದ ಅಂತ್ಯ ಇತ್ಯಾದಿ ಪದಗಳನ್ನು ಗೆಳೆಯನ ಮುಂದೆ ಬಳಸಿದೆ. ಅವನು, "ಆ ಬೆನ್ನಿಗೆ ಒಂದು ಮಚ್ಚೆ ಬರೆದರೆ ಕೂತವಳು ಯಾರೆಂದು ತಿಳಿದು ಮುಗಿಯುತ್ತದೆ, ಬರೆಯಲಾ?" ಎಂದು ಕೇಳಿದ. ಬೇಡ ಎಂದು ಉಪ್ಪುಂದದ ಬಸ್ಸು ಹತ್ತಿದೆ.

ಮುಂದೆ ನಡೆದದ್ದನ್ನು ನಾನು ಕಣ್ಣಾರೆ ಕಂಡೆ ಎನ್ನುತ್ತೇನೆ. ಚಿಕ್ಕಿ ಹೇಳುವುದು ಬೇರೆ. ನಾನು ಬಸ್ಸಿಳಿಯುವಾಗ ಎಲ್ಲ ಮುಗಿದಿತ್ತಂತೆ, ತಾನು ಹೇಳಿದ್ದನ್ನೇ ಕಂಡವನ ಹಾಗೆ ಬರೆಯುತ್ತಿದ್ದೇನಂತೆ. ಇರಬಹುದು. ಆದರೆ ಆ ಮಾತುಗಳನ್ನು ನಾನು ಕಟ್ಟಿದ್ದಲ್ಲ, ಅಷ್ಟು ಮಾತ್ರ ಖಂಡಿತ. ನಾನು ಕಟ್ಟುವುದಕ್ಕಿಂತ ಅವು ಚೆನ್ನಾಗಿವೆ.

ಕೈಚೀಲ ಹಿಡಿದ ಒಬ್ಬ ಗಟ್ಟಿಗಿತ್ತಿ ಗಿರಾಕಿ ಬಂಗುಡೆ ತೂಗಿಸಿಕೊಂಡು ಅದೇ ರಾಗ ಎಳೆದಳು. "ಒಂದ್ ಹಾಕೆ. ಎರಡ್ನೆಯವ್ಳ್ ಆದ್ರೆ..."

ಚಿಕ್ಕಿ ಪಕ್ಕದ ಐಸ್ ಪೆಟ್ಟಿಗೆಯನ್ನು ಅಂಗೈಯಿಂದ ಬಡಿದಳು. "ಅವ್ಳ್ ಇಲ್ಲೆ. ಇದ್ರೊಳ್ಗ್ ಹಾಕಿ ಮುಚ್ಚಿದ್ದೆ. ಕಂಡಿಲ್ಯಾ ನೀವ್?"

"ಐಸಲ್ಲ್ ಇಟ್ಟದ್ದ್ ಅಲ್ದಾ? ಹಾಳಾಪ್ದಿಲ್ಲೆ. ತೆಗಿ, ಕಾಂಬ."

ಅಕ್ಕಪಕ್ಕದ ಬುಟ್ಟಿಗಳ ಹಿಂದಿನಿಂದ ನಗು ಎದ್ದಿತು. ಮೀನು ಮಾರುವವಳಿಗೆ ಐಸಿನ ಗುಣವನ್ನು ಹೇಳಿಕೊಟ್ಟು ಬಾಯಿ ಮುಚ್ಚಿಸಿದ್ದಳು. ಚಿಕ್ಕಿ ಕತ್ತಿಯನ್ನು ಹಲಗೆಯ ಮೇಲಿಟ್ಟಳು. ಸೆರಗಿಗೆ ಕೈ ಒರೆಸಿದಳು. ಈಗ ಬೈಗುಳ ಬರುತ್ತದೆ ಎಂದು ಎಲ್ಲರೂ ಕಾದರು. ಅವಳು ಬಗ್ಗಿ ಪೆಟ್ಟಿಗೆಯ ಮುಚ್ಚಳ ಎತ್ತಿ, ತಲೆಯನ್ನು ಒಳಗಿಟ್ಟು, "ಹೆಣೆ, ನಿನ್ನ್ ಕೇಂತ್ರ್ ಕಾಣ್" ಎಂದು ಎರಡನೆಯವಳನ್ನು ಕರೆದಳು. ಒಳಗಿನಿಂದ ತಲೆ ಎತ್ತಿದಾಗ ಕೈಯಲ್ಲಿ ಒಂದು ಬಂಗುಡೆ, ಮುಖದ ತುಂಬ ನಗು. ದನಿ ಎರಡನೆಯವಳದು, ಬೆಣ್ಣೆಯಂಥದು.

"ತಕಣಿ ಅಕ್ಕಾ, ಇದ್ ನಂದ್."

ಮೀನು ಚೀಲಕ್ಕೆ ಬಿತ್ತು, ಮುಚ್ಚಳ ಧಡ್ ಎಂದು ಬಿತ್ತು. "ಆಯ್ತಲೆ? ಇನ್ನ್ ನನ್ನ್ ಹತ್ರ ಕೇಂಬುಕಿಲ್ಲೆ, ನೆಡಿನಿ!" ಎಂದು ಒಂದನೆಯವಳು ಗದರಿದಳು.

ಅಂದಿನಿಂದ ಜನ ಎರಡನ್ನೂ ಕೇಳಲು ಬರತೊಡಗಿದರು. ಪೆಟ್ಟಿಗೆ ಯಾರಿಗೆ ತೆರೆಯಬೇಕು, ಯಾರಿಗೆ ಬೇಡ ಎಂಬುದು ಚಿಕ್ಕಿಯ ಮರ್ಜಿ. ಬೇಡವಾದವರಿಗೆ, "ಅವ್ಳ್ ಇವತ್ತ್ ಶಂಕರನಾರಾಯಣದಗ್ ಮದಿಗ್ ಹೋಯ್ದ್ಲ್" ಎಂಬ ಉತ್ತರ ಸಿದ್ಧವಿತ್ತು. ಅದಕ್ಕೆ ಯಾರೂ ಎದುರಾಡಲಿಲ್ಲ, ಯಾಕೆಂದರೆ ಎಲ್ಲರೂ ಕಾರ್ಟೂನು ನೋಡಿದ್ದರು. ಚಿಕ್ಕಿಯದು ಮೊದಲಿನ ಹಾಗೆ ಒಂದೇ ಮಾತು. ಹೆಚ್ಚಿಗೆ ಹಾಕುವವಳು ಅವಳಲ್ಲವಲ್ಲ!

ಆ ದಿನವೇ ಗಿರಾಕಿಗಳು ಕರಗಿದ ಮೇಲೆ ನಾನು ಹತ್ತಿರ ಹೋಗಿ ಮೆತ್ತಗೆ, "ಕೊನೆಯನ್ನು ಬದಲಾಯಿಸುತ್ತೇನೆ ಚಿಕ್ಕಿ. ಒಳಗೆ ಹೋದದ್ದು ಎರಡನೆಯವಳೇ ಅಂತ ಹಾಕುತ್ತೇನೆ" ಎಂದೆ. ಬಸ್ಸಿನಲ್ಲಿ ಕೂತು, ಬಹಳ ನೊಂದುಕೊಂಡು ಮಾಡಿದ್ದ ತ್ಯಾಗ ಅದು.

"ಮುಟ್ರೆ ಕಾಣ್!" ಎಂದಳು. "ಯಾರ್ ಒಳ್ಗ್ ಹೋಯ್ದ್ರ್ ಅಂತ ಯಾರಿಗೂ ಹೇಳ್ಬ್ಯಾಡ. ಮುಂದಿಂದ್ ಯಾವಾಗ ಮಾತಾಡ್ಕ್ ಹೇಳ್, ಬತ್ತೆ."

ನನಗೆ ಖುಷಿಯಾಯಿತು, ಸಲಿಗೆಯೂ ಬಂತು. ನನ್ನ ಪಾಲಿನ ಬಂಗುಡೆ ಕಟ್ಟಿಸಿಕೊಳ್ಳುತ್ತ, "ಹಾಗಾದರೆ ನನಗೂ ಒಂದು ಹೆಚ್ಚಿಗೆ ಹಾಕು" ಎಂದೆ.

ಚಿಕ್ಕಿ ಪೆಟ್ಟಿಗೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು. ಆಮೇಲೆ ಎದ್ದು ಹೋಗಿ ಮುಚ್ಚಳದ ಮೇಲೆ ಕೂತಳು.

"ಮಾಣಿ, ನಿಂಗೆ ಒಂದ್ನೆಯವ್ಳೇ ಸಾಕ್."