ಸೆಟ್ಟು ಕಟ್ಟುವವನು ಸೀಟು ಹುಡುಕಿದ್ದು

ಮಗಳಿಗೊಂದು ಸೀಟು ಕೇಳಲು ಹೋದ ಹಲ್ಲಪ್ಪ ಪ್ರಾಂಶುಪಾಲರ ಬಾಯಿಗೆ ಹೆಬ್ಬೆರಳು ಹಾಕಿಬಿಟ್ಟ.

ಬೇಕೆಂದು ಹಾಕಿದ್ದಲ್ಲ. ಪ್ರಾಂಶುಪಾಲರು "ನಮ್ಮದು ಪ್ರತಿಷ್ಠಿತ ಸಂಸ್ಥೆ" ಎನ್ನುತ್ತಿದ್ದರು. 'ಪ್ರತಿಷ್ಠಿತ'ದ ಒತ್ತಕ್ಷರಗಳ ಒತ್ತಡ ತಡೆಯಲಾರದೆ ಅವರ ಮೇಲಿನ ಹಲ್ಲುಸೆಟ್ಟು ಅಂಗುಳ ಬಿಟ್ಟು ಜಾರಿ ತುಟಿಯ ಹೊಸ್ತಿಲಿಗೆ ಬಂದು ಇಣುಕಿತು. ಜೀವಮಾನವಿಡೀ ಕಟ್ಟುಹಲ್ಲಿನ ಸೆಟ್ಟು ಮಾಡಿಕೊಂಡು ಬಂದವನ ಕೈ ಅದು. ಯಜಮಾನನ ಅಪ್ಪಣೆಯನ್ನೂ ಕೇಳದೆ ಮೇಜು ದಾಟಿ ಹೋಗಿ, ಸೆಟ್ಟನ್ನು ಒತ್ತಿ ಸ್ವಸ್ಥಾನಕ್ಕೆ ಸೇರಿಸಿಯೇಬಿಟ್ಟಿತು. ಟಕ್ ಎಂದಿತು. ಸಾಲದ್ದಕ್ಕೆ ಬಾಯಿ ಬೇರೆ "ಹಾಂ, ಈಗ ಕಚ್ಚಿ" ಎಂದಿತು. ಪ್ರಾಂಶುಪಾಲರು ಗಾಬರಿಯಲ್ಲಿ ಕಚ್ಚಿದರು. ಹೆಬ್ಬೆರಳು ಇನ್ನೂ ಒಳಗೇ ಇತ್ತು.

ಸೀಟು ಸಿಗಲಿಲ್ಲವೆಂದು ಬೇರೆ ಹೇಳಬೇಕಾಗಿಲ್ಲ.

"ಅವರ ಬಾಯಿಗೆ ಯಾಕಪ್ಪ ಕೈ ಹಾಕಿದೆ?" ಎಂದಳು ಮಗಳು, ಮೆಟ್ಟಿಲು ಇಳಿಯುವಾಗ.

"ಬೀಳ್ತಿತ್ತಲ್ಲೇ!"

"ಬಿದ್ರೆ ಬೀಳ್ಲಿ! ಅವರ ಹಲ್ಲು, ಅವರ ಟೇಬಲ್ಲು. ನಿಂಗೇನು?"

"ತನ್ನ ಬಾಯಿಗೆ ಕೂರೋ ಸೆಟ್ಟು ಯಾವುದು ಅಂತ ಗೊತ್ತಿಲ್ಲದ ಮನುಷ್ಯ, ನಿನಗೆ ಕೂರೋ ಕೋರ್ಸು ಯಾವುದು ಅಂತ ಹೇಳ್ತಾನಂತೆ. ಥೂ!" ಎಂದ ಹಲ್ಲಪ್ಪ, ಬಸ್ಸಿನ ದಾರಿಯುದ್ದಕ್ಕೂ ಹೆಬ್ಬೆರಳನ್ನು ಕರವಸ್ತ್ರದಲ್ಲಿ ಒರೆಸಿ ಒರೆಸಿ ಕೆಂಪಗೆ ಮಾಡಿಕೊಂಡ. ಮನೆ ತಲುಪಿದ ಮೇಲೆ ಆ ಕರವಸ್ತ್ರವನ್ನೂ ಎಸೆದ.

ಹಲ್ಲಪ್ಪ ಎನ್ನುವುದು ಹೆತ್ತವರು ಇಟ್ಟ ಹೆಸರಲ್ಲ, ಬೀದಿ ಇಟ್ಟದ್ದು. ಇವನು ಹಲ್ಲಿನ ಡಾಕ್ಟರಲ್ಲ. ಡಾಕ್ಟರು ಕಿತ್ತು ಕಳಿಸಿದ ಬಾಯಿಗಳಿಗೆ ಮತ್ತೆ ಹಲ್ಲು ಕಟ್ಟಿಕೊಡುವವನು. ಅಂಗಡಿಯ ಮುಂಭಾಗದಲ್ಲಿ ಗಿರಾಕಿಗಳಿಗೊಂದು ಬೆಂಚು, ಪರದೆಯ ಹಿಂದೆ ಅವನ ಕೋಣೆ. ಅಲ್ಲಿ ಪ್ಲಾಸ್ಟರಿನ ಚೀಲ, ಗುಲಾಬಿ ಮೇಣದ ಹಾಳೆಗಳು, ಮೇಣ ಕರಗಿಸುವ ಸಣ್ಣ ದೀಪ, ಕರ್ರೆಂದು ತಿರುಗುವ ಉಜ್ಜುವ ಚಕ್ರ, ಗೋಡೆಯುದ್ದಕ್ಕೂ ಊರವರ ವಸಡಿನ ಅಚ್ಚುಗಳು. ದಂತಕಥೆಗಳು ಊರಲ್ಲಿ ಬೇಕಾದಷ್ಟಿರಬಹುದು. ಅಸಲಿ ದಂತ ಯಾರದು, ನಕಲಿ ಯಾರದು ಎಂಬ ಕಥೆ ಗೊತ್ತಿದ್ದವನು ಇವನೊಬ್ಬನೇ.

ವಿಧಿಯ ತಮಾಷೆಯೆಂದರೆ, ಈ ಮನುಷ್ಯನಷ್ಟು ಹೇಸುವವನು ಇನ್ನೊಬ್ಬನಿರಲಿಲ್ಲ. ಇನ್ನೊಬ್ಬರ ಎಂಜಲು ಕಂಡರೆ ಹೊಟ್ಟೆ ತೊಳಸುವವನಿಗೆ ದೇವರು ಎಂಜಲಿನಲ್ಲೇ ಅನ್ನ ಬರೆದಿದ್ದ. ಊಟಕ್ಕೆ ಕೂರುವ ಮೊದಲು ಮೊಣಕೈವರೆಗೆ ಸೋಪು ಹಚ್ಚುತ್ತಿದ್ದ. ಅವನ ಲೋಟವನ್ನು ಮನೆಯಲ್ಲಿ ಬೇರೆ ಯಾರೂ ಮುಟ್ಟುವಂತಿರಲಿಲ್ಲ. "ನಿಮ್ಮನ್ನ ಕಟ್ಟಿಕೊಳ್ಳೋ ಬದಲು ಒಂದು ನಲ್ಲೀನ ಕಟ್ಟಿಕೊಂಡಿದ್ರೆ ಆಗ್ತಿತ್ತು" ಎನ್ನುತ್ತಿದ್ದಳು ಹೆಂಡತಿ.

ಒಬ್ಬಳೇ ಮಗಳು. ಮಾರ್ಕ್ಸ್ ಕಾರ್ಡಿನ ಪ್ರಕಾರ ಹೇಳುವುದಾದರೆ 'ಸುಮಾರು'. ಎಲ್ಲ ವಿಷಯದಲ್ಲೂ ಪಾಸು, ಯಾವುದರಲ್ಲೂ ಚಪ್ಪಾಳೆಯಿಲ್ಲ. ಆದರೆ ಕೈ ಸುಮ್ಮನಿರುವ ಜಾತಿಯದಲ್ಲ. ತೊಟ್ಟಿಲಲ್ಲಿದ್ದಾಗಲೇ ಗೋಡೆ ಗೀಚಿದವಳು, ಕೂರಲು ಕಲಿತ ಮೇಲೆ ಅಪ್ಪನ ಮೇಣ ಕದ್ದು ಬೆಕ್ಕು ಮಾಡಿದವಳು. ಕಲೆಯೆಂದರೆ ಹಲ್ಲಿನ ಮೇಲೆ ಕೂತು ಎಷ್ಟು ಉಜ್ಜಿದರೂ ಹೋಗದ್ದು ಎಂದಷ್ಟೇ ಹಲ್ಲಪ್ಪನಿಗೆ ಗೊತ್ತಿತ್ತು. ಮಗಳಿಗೆ ಹತ್ತಿದ್ದೂ ಹೋಗುವಂಥದಲ್ಲ ಎಂಬುದು ಅವಳು ಶಾಲೆ ಮುಗಿಸುವ ಹೊತ್ತಿಗೆ ಖಾತ್ರಿಯಾಯಿತು.

"ಎಲ್ಲೂ ಸಿಗದಿದ್ರೆ ಅಂಗಡೀಲಿ ಕೂರ್ಲಿ ಬಿಡಿ. ಕೈಚಳಕ ಇದೆ, ಕಲ್ತುಕೊಳ್ತಾಳೆ," ಎಂದಳು ಹೆಂಡತಿ.

"ದಿನವಿಡೀ ಊರೋರ ಹಲ್ಲುಜ್ಜಿಕೊಂಡು ಕೂರೋಳಲ್ಲ ನಾನು," ಎಂದಳು ಮಗಳು.

ಆ ಕೋಣೆಗೆ ಮಗಳು ಕೆಲಸಕ್ಕೆ ಬರಬಾರದು ಎನ್ನುವುದು ಅವಳಿಗಿಂತ ಹಲ್ಲಪ್ಪನಿಗೇ ಹೆಚ್ಚು ಬೇಕಾಗಿತ್ತು. ತನ್ನ ಬೆರಳಿನ ವಾಸನೆ ತನಗೇ ಆಗದವನು ಮಗಳ ಬೆರಳಿಗೆ ಅದನ್ನು ಹತ್ತಿಸುತ್ತಾನೆಯೇ?

ಹೀಗೆ ಶುರುವಾಯಿತು ಅಪ್ಪ-ಮಗಳ ಕಾಲೇಜು ಯಾತ್ರೆ. ಮೊದಲನೆಯದು ಹೆಬ್ಬೆರಳಿಗೆ ಬಲಿಯಾಯಿತಲ್ಲ, ಎರಡನೆಯದು ಗಾಜಿನ ಕಟ್ಟಡ. ಒಳಗೆ ಕಾಲಿಟ್ಟರೆ ನೆಲದಲ್ಲಿ ನಮ್ಮ ಮುಖವೇ ಕಂಡು ತುಳಿಯಲು ಸಂಕೋಚವಾಗುವಷ್ಟು ಹೊಳಪು. ಸಲಹೆ ಕೊಡಲು ಕೂತ ಯುವಕನ ಹಲ್ಲು ಅದಕ್ಕಿಂತ ಬಿಳಿ. ಅವನು ನಾಲಿಗೆಗೆ ಬೆರಳು ತಾಗಿಸಿ ಬಣ್ಣಬಣ್ಣದ ಪುಸ್ತಿಕೆಯ ಪುಟ ತಿರುವಿದ. ಮತ್ತೆ ತಾಗಿಸಿದ, ಮತ್ತೆ ತಿರುವಿದ. ಹಲ್ಲಪ್ಪ ಕಿಟಕಿಯ ಕಡೆ ನೋಡಿದ.

"ಫ್ಯಾಷನ್ ಇದೆ, ಗೇಮಿಂಗ್ ಇದೆ, ಇಂಟೀರಿಯರ್ ಇದೆ. ಯಾವುದು ಕೊಡ್ಲಿ?" ಎಂದ ಯುವಕ, ಸೀರೆ ಹರವಿ ಕೂತವನ ಹಾಗೆ.

"ನಾನು ಮಾಡಿದ್ದು ಏನೂ ನೋಡಲ್ವಾ?" ಎಂದಳು ಮಗಳು. ಅವಳ ತೊಡೆಯ ಮೇಲೆ ಚಿತ್ರಗಳ ಕಟ್ಟಿತ್ತು.

"ಅದೆಲ್ಲ ಬೇಡಮ್ಮ. ನಮ್ಮಲ್ಲಿಗೆ ಬಂದೋರೆಲ್ಲ ಆರ್ಟಿಸ್ಟೇ!"

"ಎಲ್ಲರ ಬಾಯಿಗೂ ಕೂರೋ ಸೆಟ್ಟು ಯಾರ ಬಾಯಿಗೂ ಕೂರಲ್ಲ ಸಾರ್," ಎಂದು ಹಲ್ಲಪ್ಪ ಎದ್ದ. ಯುವಕ ಎಂಜಲು ಬೆರಳಲ್ಲೇ ಪುಸ್ತಿಕೆ ಎತ್ತಿ ಕೈಗೆ ಕೊಟ್ಟ. ಹಲ್ಲಪ್ಪ ಅದನ್ನು ಎರಡು ಉಗುರಲ್ಲಿ ಹಿಡಿದು, ಬಾಗಿಲಾಚೆಯ ಕಸದ ಡಬ್ಬಿಯವರೆಗೆ ಸತ್ತ ಇಲಿಯನ್ನು ಒಯ್ದ ಹಾಗೆ ಒಯ್ದ.

ಮೂರನೆಯ ಕಡೆ ಕಲಾ ವಿಭಾಗ ಎಂದು ಬೋರ್ಡಿತ್ತು, ವಿಭಾಗವಿರಲಿಲ್ಲ. ಬೋರ್ಡಿನ ಹಿಂದೆ ಮುರಿದ ಬೆಂಚುಗಳ ರಾಶಿ. ಮೆಟ್ಟಿಲ ಮೂಲೆಯಲ್ಲಿ ತಲೆಮಾರುಗಳು ಉಗಿದು ಉಗಿದು ಬರೆದ ಕೆಂಪು ಚಿತ್ರವೊಂದೇ ಆ ಸಂಸ್ಥೆಯ ಕಲಾಕೃತಿ. ಕೈ ತೊಳೆಯೋಣವೆಂದರೆ ಬೇಸಿನ್ನಿನಲ್ಲಿ ಯಾರದೋ ಮಧ್ಯಾಹ್ನದ ಊಟ ಕಟ್ಟಿಕೊಂಡು ನಿಂತಿತ್ತು. ಇಲ್ಲದ ವಿಭಾಗದ ಮುಖ್ಯಸ್ಥರು ಹಲ್ಲುಕಡ್ಡಿ ಆಡಿಸುತ್ತಾ, "ಮಾರ್ಕ್ಸ್ ಕಮ್ಮಿ ಇರೋರನ್ನೆಲ್ಲ ಆರ್ಟಿಗೇ ಹಾಕೋದು. ಸೇರಿಸಿಬಿಡಿ, ಹೇಗೋ ಡಿಗ್ರಿ ಆಗುತ್ತೆ," ಎಂದರು. ಹಲ್ಲುಕಡ್ಡಿಯ ತುದಿಗೆ ಸಿಕ್ಕಿದ್ದನ್ನು ಒಮ್ಮೆ ನೋಡಿ ಮತ್ತೆ ಬಾಯಿಗೆ ಹಾಕಿಕೊಂಡರು. ಹಲ್ಲಪ್ಪನಿಗೆ ಅಲ್ಲಿಂದ ಹೊರಬಿದ್ದದ್ದೊಂದು ನೆನಪಿದೆ, ಹೇಗೆಂದು ನೆನಪಿಲ್ಲ.

ಮನೆ ಹತ್ತಿರ ಬಂದಾಗ ಮಗಳು, "ಅಂಗಡೀಲೇ ಕೂರ್ತೀನಿ ಬಿಡಪ್ಪ," ಎಂದಳು.

ಹಲ್ಲಪ್ಪನಿಗೆ ಆ ಮಾತು ಬೇಸಿನ್ನಿಗಿಂತ ಹೇಸಿಗೆ ಹುಟ್ಟಿಸಿತು.

ಉಳಿದದ್ದು ಒಂದೇ. ಹಳೆಯ ಗೋದಾಮಿನಲ್ಲಿ ನಡೆಯುವ ಚಿತ್ರಶಾಲೆ. ಅಲ್ಲಿ ಮಾರ್ಕ್ಸ್ ಕೇಳುವುದಿಲ್ಲ, ಸ್ವಂತ ಕೈಯಲ್ಲಿ ಮಾಡಿದ ನಾಲ್ಕು ಕೆಲಸ ತಂದು ತೋರಿಸಬೇಕು. ಈ ಸುದ್ದಿ ಕೇಳಿ ಮಗಳು ಮಂಚದ ಕೆಳಗಿನಿಂದ ನಾಲ್ಕು ತಲೆ ಹೊರತೆಗೆದಳು. ಅಪ್ಪ ಎಸೆದ ಪ್ಲಾಸ್ಟರಿನಲ್ಲಿ ಮಾಡಿದ ಮುದಿ ತಲೆಗಳು. ಸೆಟ್ಟು ರಿಪೇರಿಗೆ ಕೊಟ್ಟು ಬೆಂಚಿನ ಮೇಲೆ ಬರಿಬಾಯಲ್ಲಿ ಕಾಯುವ ಗಿರಾಕಿಗಳನ್ನು ಪರದೆಯ ಸಂದಿಯಿಂದ ನೋಡಿ ನೋಡಿ ಮಾಡಿದ್ದು. ತುಟಿ ಒಳಗೆ ಕುಸಿದು, ಕೆನ್ನೆ ಹಳ್ಳ ಬಿದ್ದು, ಗದ್ದ ಮೂಗನ್ನು ಮಾತಾಡಿಸಲು ಹೊರಟ ಮುಖಗಳು. ಒಂದು ಬಾಯಿ ಅರ್ಧ ತೆರೆದಿತ್ತು.

"ಅಯ್ಯೋ ಪುಟ್ಟಿ, ಬೇರೆ ಏನೂ ಇಲ್ವಾ? ಹೂವು, ನವಿಲು... ಏನಾದ್ರೂ?"

"ಇದೇ ನನ್ನ ಕೆಲಸ."

ಹಲ್ಲಪ್ಪನಿಗೆ ನಿದ್ದೆ ಬರಲಿಲ್ಲ. ಹೊಟ್ಟೆಪಾಡಿಗಾಗಿ ತಾನು ದಿನವೂ ನೋಡುವ ಈ ಹಾಳುಬಾಯಿಗಳನ್ನು ಆ ದೊಡ್ಡವರು ಯಾಕೆ ನೋಡಬೇಕು? ನೋಡಿ ಮುಖ ತಿರುಗಿಸಿದರೆ ಮಗಳ ಗತಿ? ಮಾರನೆಯ ದಿನ ತಾಯಿ-ಮಗಳು ಹೊಸ ಚಪ್ಪಲಿ ಕೊಳ್ಳಲು ಪೇಟೆಗೆ ಹೋದರು. ಹಲ್ಲಪ್ಪ ಅಂಗಡಿಯ ಬಾಗಿಲು ಎಳೆದುಕೊಂಡು, ನಾಲ್ಕು ತಲೆಗಳನ್ನೂ ಮೇಜಿನ ಮೇಲಿಟ್ಟು, ಬಾಯಿಗಳನ್ನು ನಾಜೂಕಾಗಿ ಕೆರೆದು ಅಗಲಿಸಿ, ತನ್ನಲ್ಲಿದ್ದ ಅತ್ಯುತ್ತಮ ಹಲ್ಲುಗಳನ್ನು ಮೇಣದಲ್ಲಿ ಸಾಲಾಗಿ ಕೂರಿಸಿದ. ಅವನಿಗೆ ಗೊತ್ತಿದ್ದ ಒಂದೇ ಮುದ್ದು ಅದು. ತಲೆಗಳಿಗೆ ಬಟ್ಟೆ ಸುತ್ತಿ ಪೆಟ್ಟಿಗೆಯಲ್ಲಿ ತಾನೇ ಜೋಡಿಸಿಟ್ಟ. "ನೀನು ಮುಟ್ಟಬೇಡ, ಮುರೀತವೆ," ಎಂದ ಮಗಳಿಗೆ.

ಗೋದಾಮಿನಲ್ಲಿ ಇಬ್ಬರು ಮೇಷ್ಟ್ರು ಕೂತಿದ್ದರು. ಒಬ್ಬರಿಗೆ ಎದೆಮಟ್ಟ ಗಡ್ಡ. ಇನ್ನೊಬ್ಬರು ನರೆತ ಕೂದಲಿನ ಹೆಂಗಸು, ಉಗುರು ತುಂಬ ಜೇಡಿಮಣ್ಣು. ಹಲ್ಲಪ್ಪ ಉಗುರುಗಳನ್ನು ನೋಡದಿರಲು ಬಹಳ ಪ್ರಯತ್ನಪಟ್ಟ.

ಮಗಳು ತಲೆಗಳಿಗೆ ಸುತ್ತಿದ್ದ ಬಟ್ಟೆ ಬಿಚ್ಚಿದಳು. ನಾಲ್ಕು ಮುದಿತಲೆಗಳು ಟೂತ್‌ಪೇಸ್ಟ್ ಜಾಹೀರಾತಿನ ಹಾಗೆ ಕಿಸಕ್ಕನೆ ಹಲ್ಲು ಕಿರಿದವು.

ಮಗಳ ಮುಖ ಪ್ಲಾಸ್ಟರಿನ ಬಣ್ಣಕ್ಕೆ ತಿರುಗಿತು. ಅಪ್ಪನ ಕಡೆ ನೋಡಿದಳು. ಅಪ್ಪ ಚಪ್ಪಲಿ ನೋಡಿಕೊಂಡ.

"ಅದ್ಭುತ!" ಗಡ್ಡದವರು ಕುರ್ಚಿ ಬಿಟ್ಟು ಎದ್ದರು. "ಎಂಥಾ ವ್ಯಂಗ್ಯ! ಮುದಿತನದ ಬಾಯಿಗೆ ಮಾರುಕಟ್ಟೆ ತುರುಕಿದ ನಗು! ನಾಗರಿಕತೆಯ ಮೇಲೇ ಉಗಿದಿದ್ದೀಯಲ್ಲಮ್ಮಾ!"

ಹಲ್ಲಪ್ಪನಿಗೆ ಅರ್ಥವಾದದ್ದು ಎರಡೇ: ಯಾರೋ ಉಗಿದಿದ್ದಾರೆ, ಮತ್ತು ಅದು ಇವರಿಗೆ ಇಷ್ಟವಾಗಿದೆ. ಸೀಟು ಕೈಗೆಟುಕುವಷ್ಟು ಹತ್ತಿರ ಬಂದಿತ್ತು. ಅಷ್ಟರಲ್ಲಿ ಆ ಹೆಂಗಸು, "ಹಲ್ಲು ನಿನ್ನ ಯೋಚನೇನಾ?" ಎಂದು ಕೇಳಿದರು.

ಹೂಂ ಅನ್ನು, ಹೂಂ ಅಂದುಬಿಡೇ ತಾಯಿ ಎಂದು ಹಲ್ಲಪ್ಪ ಹುಬ್ಬು, ಕಣ್ಣು, ಗದ್ದ ಎಲ್ಲದರಲ್ಲೂ ಸನ್ನೆ ಮಾಡಿದ.

"ಅಲ್ಲ ಮೇಡಂ," ಎಂದಳು ಮಗಳು. "ಹಲ್ಲು ಅಪ್ಪಂದು. ಬಾಯಿ ನಂದು."

ಗಡ್ಡದವರು ಮೆಲ್ಲಗೆ ಕೂತರು. ಹಲ್ಲಪ್ಪ ಮುಂದೆ ಬಂದ. ಯಾರ ಮುಖವನ್ನೂ ನೋಡದೆ ಒಂದೊಂದೇ ತಲೆಯನ್ನು ಎಡಗೈಯಲ್ಲಿ ಹಿಡಿದು, ಹೆಬ್ಬೆರಳಿನಿಂದ ಸಾಲನ್ನು ಎಬ್ಬಿಸಿ ತೆಗೆದು ಜೇಬಿಗೆ ಹಾಕಿಕೊಂಡ. ಉಳಿದ ಮೇಣವನ್ನು ಉಗುರಿನಿಂದ ಕೆರೆದ. ಬಾಯಿಗಳು ಮತ್ತೆ ಬರಿದಾದವು, ತಾನು ಅಗಲಿಸಿದ ಅಂಚು ಮಾತ್ರ ಗಾಯದ ಹಾಗೆ ಉಳಿಯಿತು. "ತಪ್ಪಾಯ್ತು, ಚೆನ್ನಾಗಿ ಕಾಣ್ಲಿ ಅಂತ..." ಎಂದು ಗೊಣಗಿದ. ಯಾರಿಗೆ ಹೇಳಿದನೋ, ಮಗಳು "ಹೂಂ, ಆಯ್ತು ಬಿಡಪ್ಪ," ಎಂದಳು.

ಹೆಂಗಸು ಎದ್ದು ಬಂದು ತಲೆಗಳ ಸುತ್ತ ಒಂದು ಸುತ್ತು ಹಾಕಿದರು. ಕೊನೆಯ ಮುದುಕಿಯ ಮುಂದೆ ಕುಕ್ಕರಗಾಲಲ್ಲಿ ಕೂತು, ಅದರ ಕೆನ್ನೆಯ ಹಳ್ಳದಲ್ಲಿ ಮಣ್ಣುಗೈ ಆಡಿಸಿದರು.

"ಯಾರು ಹೇಳಿಕೊಟ್ಟರು?"

"ಯಾರೂ ಇಲ್ಲ. ಅಂಗಡೀಲಿ ಕೂತಿರ್ತಾರೆ, ನೋಡ್ತೀನಿ."

"ಸೋಮವಾರದಿಂದ ಬಾ. ಮಾರ್ಕ್ಸ್ ಕಾರ್ಡು ಯಾವಾಗಲಾದ್ರೂ ತಂದುಕೊಡು, ಗುಮಾಸ್ತರಿಗೆ ಬೇಕಾಗುತ್ತೆ."

ಮಗಳು ಅಳುತ್ತಾಳೋ ನಗುತ್ತಾಳೋ ತಿಳಿಯದ ಹಾಗೆ ಬಟ್ಟೆಯ ತುದಿಯನ್ನು ಬಾಯಿಗೆ ಒತ್ತಿಕೊಂಡಳು. ಪ್ಲಾಸ್ಟರ್ ಸುತ್ತಿದ ಬಟ್ಟೆ ಎಂದು ಹಲ್ಲಪ್ಪನ ಕೈ ಅದನ್ನು ಕಿತ್ತುಕೊಳ್ಳಲು ಹೋಗಿ ಅರ್ಧಕ್ಕೇ ನಿಂತಿತು.

ಹೆಂಗಸಿಗೆ ಈಗ ತಂದೆಯ ಮೇಲೂ ಕನಿಕರ ಬಂದಿತು. ಆ ಮುದುಕಿಯ ತಲೆಯನ್ನು ಎತ್ತಿ ಅವನ ಮುಂದೆ ಹಿಡಿದು ಮೆತ್ತಗೆ ಕೇಳಿದರು: "ಮಗಳು ಎಂಥಾ ಕೆಲಸ ಮಾಡಿದ್ದಾಳೆ ನೋಡಿ. ಒಬ್ಬ ತಂದೆಯಾಗಿ, ಈ ಮುಖ ನೋಡಿದಾಗ ನಿಮ್ಮ ಮನಸ್ಸಿನಲ್ಲಿ ಏನು ಬರುತ್ತೆ?"

ಹಲ್ಲಪ್ಪ ನೋಡಿದ. ಇನ್ನೊಮ್ಮೆ ಬಾಗಿ ನೋಡಿದ.

"ಈಯಮ್ಮ ಮತ್ತೆ ಬಂದ್ರಲ್ಲಪ್ಪಾ ಅನ್ಸುತ್ತೆ ಮೇಡಂ," ಎಂದ. "ಮೂರು ಸಲ ಸೆಟ್ಟು ಕೂರ್ತಾ ಇಲ್ಲ ಅಂತ ವಾಪಸ್ ತಂದಿದ್ದಾರೆ."