ಅತ್ತೆಯ ಕೊಡದಲ್ಲಿ ಎರಡು ಮೀನು

ಗೆಳತಿಯರೇ, ಇವತ್ತು ಅತ್ತೆಯವರ ಕುಡಿಯುವ ನೀರಿನ ಕೊಡದಲ್ಲಿ ನನ್ನ ಎರಡು ಸಾಕುಮೀನು ಬಿಟ್ಟೆ. ಬೇರೆ ದಾರಿ ಇರಲಿಲ್ಲ.

ಕಾಲರಾ ಭಯಕ್ಕೆ ನಿಜಾಮ ಸರಕಾರದವರು ನಮ್ಮ ತಾಂಡೂರು ಸ್ಟೇಷನ್ ಕ್ವಾರ್ಟರ್ಸಿನ ನಳದ ನೀರಿಗೆ ಕ್ರಿಮಿ ಕೊಲ್ಲುವ ದವಾ ಹಾಕಿಸುತ್ತಿದ್ದಾರೆ. ಆ ನೀರನ್ನು ಬಿಸಿಲಿಗಿಟ್ಟು, ವಾಸನೆ ಹೋಗಿದೆಯೇ ಎಂದು ಮೂಸಿ ನೋಡಿದ ಮೇಲೆಯೇ ನಾನು ಮೀನಿನ ಗಾಜಿನ ಪಾತ್ರೆಗೆ ಹಾಕುವುದು. ಇವತ್ತು ಅತ್ತೆ ಪ್ರೀತಿಯಿಂದ ಪಾತ್ರೆ ತೊಳೆದು, ನಳದಿಂದ ನೇರವಾಗಿ ತುಂಬಿಸಿಬಿಟ್ಟಿದ್ದರು. ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತಿದ್ದವು. ವಾಸನೆ ಹೋದ ನಿನ್ನೆಯ ನೀರು ಇದ್ದದ್ದು ಅತ್ತೆಯ ಕೊಡದಲ್ಲಿ ಮಾತ್ರ.

“ಏನ್ ಮಾಡ್ದಿ ಇದು! ನಾ ಈಗ ಏನ್ ಕುಡೀಲಿ?” ಎಂದರು ಅತ್ತೆ.

“ನಳದ ನೀರು ಕುಡೀರಿ ಅತ್ತಿ, ಮನಷ್ಯಾರಿಗಿ ಏನೂ ಆಗಂಗಿಲ್ಲ.”

“ಮೀನ ಸಾಯೋ ನೀರು ನಾ ಕುಡೀಬೇಕಾ?”

ಅಷ್ಟರಲ್ಲಿ ಮೀನುಗಳು ಚೇತರಿಸಿಕೊಂಡು ಕೊಡದೊಳಗೆ ಓಡಾಡತೊಡಗಿದವು. ಅತ್ತೆ ಬಗ್ಗಿ ನೋಡಿದರು. ಆಮೇಲೆ ನಳದಿಂದ ಒಂದು ತಪ್ಪಲೆ ನೀರು ಹಿಡಿದು ತಾವೇ ಬಿಸಿಲಿಗಿಟ್ಟರು.

ಸಂಜೆ ಡ್ಯೂಟಿಯಿಂದ ಬಂದ ನಮ್ಮ ಯಜಮಾನರು ನೀರು ಕೇಳಿದರು. ಅತ್ತೆ ತಪ್ಪಲೆಯನ್ನು ಮೂಸಿ ನೋಡಿದರು.

“ಇನ್ನಾ ದವಾದ ವಾಸನಿ ಅದ, ಜರಾ ತಡಿ. ಮೀನ ತಡೀತಾವ, ನಿನಗೇನಾಗ್ಯಾದ?”

ಯಜಮಾನರು ನನ್ನ ಮುಖ ನೋಡಿದರು. ನಾನು ಮೀನಿನ ಮುಖ ನೋಡಿದೆ.