ಎತ್ತಿನ ಹಣೆಗೆ ಜರ್ಮನ್ ಗೊಂಡೆ

ನನಗೆ ಒಂದು ಕಡೆ ಕೂತು ಗೊತ್ತೇ ಇಲ್ಲ. ಆ ಬೆಂದೂರದ ದಿನವಂತೂ ಮೂರು ಸಲ ಚಹಾ ಕೇಳಿ, ಮೂರು ಸಲವೂ ಆರಿಸಿಬಿಟ್ಟಿದ್ದೆ. ಬೆಂದೂರ ಎಂದರೆ ನಮ್ಮ ನಿಪ್ಪಾಣಿ ಸೀಮೆಯ ಎತ್ತಿನ ಹಬ್ಬ. ನಮ್ಮೂರು ಭೋಜದ ತುಂಬ ಎಲ್ಲರಿಗೂ ಎತ್ತಿನ ಸಡಗರ, ನನಗೆ ಮಾತ್ರ ಬೇರೆಯೇ ಚಡಪಡಿಕೆ. ಹನ್ನೊಂದು ವರ್ಷ ಹುಡುಕಿ ಕೂಡಿಸಿದ ಸಾಮಾನು ಅಂದು ಪೂರ್ತಿಯಾಗುವುದಿತ್ತು.

ಸಾಮಾನು ಎಂದರೆ ಜರ್ಮನ್ ಸಿಪಾಯಿಯ ಬಯೊನೆಟ್ಟು, ಬಂದೂಕಿನ ತುದಿಗೆ ಸಿಕ್ಕಿಸುವ ಚೂರಿ. ಅದರ ಒರೆ, ಒರೆಯನ್ನು ಸೊಂಟಕ್ಕೆ ತೂಗುಹಾಕುವ ಚರ್ಮದ ಪಟ್ಟಿ, ಮೇಲೆ ಅಲಂಕಾರಕ್ಕೊಂದು ಗೊಂಡೆ. ಗೊಂಡೆ ಮಾತ್ರ ಮೊದಲಿನಿಂದ ನಮ್ಮ ಮನೆಯಲ್ಲೇ ಇತ್ತು. ಅಜ್ಜ ಎರಡನೇ ಮಹಾಯುದ್ಧಕ್ಕೆ ಹೋದಾಗ ಇಟಲಿಯಿಂದ ತಂದದ್ದು. ಬೂದುಹಸಿರು ಪಟ್ಟಿ, ಬಿಳಿ ತಲೆ, ಕೆಂಪು ಕೊರಳು. ಆ ಬಣ್ಣಗಳನ್ನು ನೋಡಿ ಸಿಪಾಯಿ ಸೈನ್ಯದ ಯಾವ ಕಂಪನಿಯವನೆಂದು ತಿಳಿದವರು ಹೇಳುತ್ತಾರೆ. ಉಳಿದದ್ದನ್ನು ಮಿರಜ, ಕೊಲ್ಹಾಪುರದ ಹಳೇ ಸಾಮಾನಿನವರ ಕೈಕಾಲು ಹಿಡಿದು ತಂದೆ. 'ಇವಂಗ ಹುಚ್ಚು ಹಿಡದೈತಿ' ಎಂದರು ಊರವರು. ಅನ್ನಲಿ ಬಿಡಿ. ಕೊನೆಯದಾದ ಚರ್ಮದ ಪಟ್ಟಿ ಹಿಂದಿನ ವಾರವಷ್ಟೇ ಸಿಕ್ಕಿತ್ತು; ಅಂದು ಅದಕ್ಕೆ ಗೊಂಡೆ ಕಟ್ಟಿದರೆ ಮುಗಿಯುತ್ತಿತ್ತು.

ಮಳೆಗಾಲದ ತೇವಕ್ಕೆ ಗೊಂಡೆಗೆ ಬೂಷ್ಟು ಹಿಡಿದಿತ್ತು. ಬಿಸಿಲು ಬಿದ್ದದ್ದೇ ತಡ, ಅಂಗಳದ ಹಗ್ಗದ ಹೊರಸಿನ ಮೇಲೆ ಒಣಹಾಕಿದೆ. ಅದೇ ಹೊರಸಿನ ಮೇಲೆ ಎತ್ತಿನ ಬೆನ್ನಿಗೆ ಹೊದಿಸುವ ಝೂಲು, ಗೆಜ್ಜೆಸರ, ಹಣೆಗೊಂಡೆಗಳೂ ಇದ್ದವು. ನನ್ನ ಬುದ್ಧಿ ಎಲ್ಲಿ ಮೇಯಲು ಹೋಗಿತ್ತೋ! ಒಳಗೆ ಕೂತು ಬಯೊನೆಟ್ಟಿಗೆ ಎಣ್ಣೆ ಒರೆಸಿ ಹೊರಗೆ ಬಂದರೆ ಹೊರಸು ಖಾಲಿ.

'ಇಲ್ಲಿದ್ದ ಗೊಂಡೆ ಎಲ್ಲೇ?' ಎಂದು ಹೆಂಡತಿಯ ಮೇಲೆ ಹರಿಹಾಯ್ದೆ.

'ಎತ್ತಿಗೆ ಕಟ್ಟೇನ್ರಿ. ಒಂದ್ ಕಮ್ಮಿ ಬಿದ್ದಿತ್ತು. ಭಾಳ ಚಲೋ ಕಾಣತೈತಿ!'

ನನ್ನ ತಮ್ಮ ಎತ್ತು ಹಿಡಿದುಕೊಂಡು ಹಲಗೆ ಬಾರಿಸುವವರ ಹಿಂದೆ ಆಗಲೇ ಹೊರಟುಹೋಗಿದ್ದ. ಬರಿಗಾಲಲ್ಲಿ ಓಡಿದೆ. ಊರಬಾಗಿಲು ಅಗಸಿಯ ಹತ್ತಿರ ಸಿಕ್ಕರು. ಯಾರೋ ಆರತಿ ಎತ್ತಿ, ಎತ್ತಿನ ಹಣೆಗೆ ಕುಂಕುಮದ ನೀರು ಸುರಿದಿದ್ದರು. ಗೊಂಡೆಯ ಬಿಳಿ ತಲೆ ಕೆಂಪಾಗಿ ತೊಟ್ಟಿಕ್ಕುತ್ತಿತ್ತು. ನುಗ್ಗಿ ಗೊಂಡೆಯ ಗಂಟಿಗೆ ಕೈ ಹಾಕಿದೆ.

'ಏ ಅಣ್ಣಾ, ಹಬ್ಬದಾಗ ಎತ್ತಿನ ಹಣಿ ಬರಿದ ಮಾಡಬ್ಯಾಡೋ' ಎಂದ ತಮ್ಮ. ಕೇಳಲಿಲ್ಲ. ಕಿತ್ತುಕೊಂಡು ಬಂದೆ.

ಹೆಂಡತಿ ಒದ್ದೆ ಬಟ್ಟೆಯಿಂದ ಒತ್ತಿ ಒತ್ತಿ ನೋಡಿದಳು. ಬಣ್ಣ ಇನ್ನಷ್ಟು ಹರಡಿತು.

'ಹನ್ನೊಂದು ವರ್ಷದ್ದು ಮಣ್ಣುಪಾಲು ಮಾಡಿದಿ! ಅಂವ ಯಾವ ಕಂಪನಿಯಾಂವ ಅಂತ ಇನ್ನ ಯಾರಿಗೂ ಗೊತ್ತಾಗೂದಿಲ್ಲ' ಎಂದು ಕೂಗಾಡಿದೆ.

'ತಪ್ಪಾತ್ರಿ' ಎಂದಳು. ಮತ್ತೆ ಬಟ್ಟೆ ಒತ್ತುತ್ತ, 'ಅಂವ ಅಂದ್ರ ಯಾರ್ರಿ?'

'ಈ ಗೊಂಡೆದ ಸಿಪಾಯಿ.'

'ಅಂವ ಮನಿ ಮುಟ್ಟಿದ್ನೇನ್ರಿ?'

ನೂಲು, ನೇಯ್ಗೆ, ಬಣ್ಣ ಏನು ಕೇಳಿದರೂ ಪಟಪಟ ಹೇಳುವವನು ನಾನು. ಅಜ್ಜ ನನ್ನ ಕಾಲೇಜು ಮುಗಿಯುವ ತನಕ ಬದುಕಿದ್ದ. ಎಷ್ಟೋ ಸಲ ಆ ಗೊಂಡೆಯನ್ನು ನನ್ನ ಅಂಗೈ ಮೇಲಿಟ್ಟು ಸುಮ್ಮನೆ ಕೂತಿದ್ದ. ಅದು ಹೇಗೆ ಸಿಕ್ಕಿತೆಂದು ನಾನು ಒಂದು ಸಲವೂ ಕೇಳಲಿಲ್ಲ. ಆ ಸಿಪಾಯಿ ಮನೆ ಮುಟ್ಟಲಿಲ್ಲವೆಂದು ಗೊತ್ತಿತ್ತು, ಅದಕ್ಕೇ ಕೇಳಲಿಲ್ಲ.